ಒತ್ತಿದರೆ ಕೂಗುತ್ತದೆ

ಮೊದಲ ಸಲ ಓದಿಸಿದೆ. ಹದಿನಾರು ಎಂಬಿ.
ಎರಡನೇ ಸಲ ಓದಿಸಿದೆ. ಅದೂ ಹದಿನಾರೇ.
ಪಕ್ಕಪಕ್ಕ ಇಟ್ಟು ನೋಡಿದರೆ
ಒಂದೇ ಬಾಯಿ, ಎರಡು ಸಾಕ್ಷಿ:
ಮುನ್ನೂರ ಹನ್ನೊಂದನೇ ಬ್ಲಾಕಿನಲ್ಲಿ
ಅಲ್ಲಿ ಸೊನ್ನೆ ಇದ್ದ ಕಡೆ ಇಲ್ಲಿ ಒಂದು.
ಮೂರನೇ ಸಲ, ಕೊನೆಯ ಟ್ರ್ಯಾಮು ಬೀದಿಯಲ್ಲಿ ಹಾಯುವಾಗ,
ಚಿಪ್ ಎಂಬುದೇ ಇಲ್ಲ ಅಂದುಬಿಟ್ಟಿತು ಕಂಪ್ಯೂಟರು.

ಅಡುಗೆಮನೆಯ ಮೇಜಿನ ಮೇಲೆ ಹೊಟ್ಟೆ ಬಿಚ್ಚಿ ಮಲಗಿದೆ
ಪಾನ್ ಲುದೊಮಿರರ ಗೇಮ್ ಕನ್ಸೋಲು.
ಟ್ರ್ಯಾಮು ಓಡಿಸುವವರು. ಮಗ ಬರುವುದು
ವಾರ ಬಿಟ್ಟು ವಾರ, ಶನಿವಾರ,
ಕೋರ್ಟು ಬರೆದುಕೊಟ್ಟಷ್ಟೇ ಗಂಟೆ.
ಇವತ್ತು ಗುರುವಾರ.
ಅಲ್ಲ, ಹನ್ನೆರಡು ಹೊಡೆದಾಯಿತು.

ವೂಚ್ ಅಂದರೆ ನಮ್ಮ ಭಾಷೆಯಲ್ಲಿ ದೋಣಿ.
ಹೆಸರಿಗೆ ದೋಣಿ, ಹುಡುಕಿದರೂ ಹೊಳೆ ಕಾಣದ ಊರು;
ಇದ್ದ ನೀರನ್ನೆಲ್ಲ ಗಿರಣಿಗಳು ಕುಡಿದು
ಉಳಿದದ್ದನ್ನು ನೆಲದಡಿಗೆ ತಳ್ಳಿದವು.
ಹಾಗೆಯೇ ಇದೂ: ಹರಿಯುತ್ತಿದೆ ಅನ್ನುತ್ತಾರೆ, ಕಾಣುವುದಿಲ್ಲ.

ಏಳು ತಂತಿ. ಕೂದಲಿಗಿಂತ ಒಂದು ಚೂರು ದಪ್ಪ.
ಮುನ್ನೂರ ನಲವತ್ತು ಡಿಗ್ರಿಯ ಕಡ್ಡಿ,
ರಾಳದ ಹೊಗೆ, ಉಸಿರು ಹಿಡಿದು ಇಟ್ಟ ಏಳು ಹನಿ.
ಭೂತಗನ್ನಡಿಯಲ್ಲಿ ನೋಡಿದೆ, ಏಳೂ ಮಿಂಚುತ್ತಿವೆ.
ಮೀಟರಿನ ಮುಳ್ಳು ಊರಿದೆ, ಒಂದೊಂದಕ್ಕೂ
ಕೀಂ. ಕೀಂ. ಕೀಂ.
ಏಳಕ್ಕೆ ಏಳೂ ಹಾಜರ್.

ಮತ್ತೆ ಓದಿಸಿದೆ. ಚಿಪ್ ಇಲ್ಲ.
ಯುಎಸ್‌ಬಿ ಕೇಬಲ್ ಬದಲಿಸಿದೆ. ಇಲ್ಲ.
ಕೇಬಲನ್ನು ಬೈದೆ. ಆಗಲೂ ಇಲ್ಲ.

ಗೆನೊವೆಫಾ ಅಜ್ಜಿ ನೀರಿಗೆಂದು ಎದ್ದು ಬಂದಳು.
ಮೂವತ್ತೊಂದು ವರ್ಷ ಮಗ್ಗಗಳ ನಡುವೆ ನಿಂತು
ಕಿವಿ ಎರಡನ್ನೂ ಗಿರಣಿಗೇ ಬಿಟ್ಟು ಬಂದವಳು.
ಕೀಂ ಎಂದರೆ ಅವಳಿಗೆ ಏನೂ ಇಲ್ಲ.
ನಾನು ಮುಳ್ಳು ಊರುವುದನ್ನು ನೋಡುತ್ತ ನಿಂತಳು, ಲೋಟ ಹಿಡಿದು.
"ಯಾಕೆ ಒತ್ತುತ್ತೀ?" ಅಂದಳು.
"ಒತ್ತಿದರೆ ಯಾವ ಎಳೆಯೂ ಗಟ್ಟಿಯೇ."

ನನ್ನ ಚಿಮಟ ತೆಗೆದುಕೊಂಡಳು, ಕೇಳದೆ.
ಹಾಸಿನಲ್ಲಿ ಸಡಿಲ ಎಳೆ ಹುಡುಕುವ ಹಾಗೆ
ಒಂದೊಂದು ತಂತಿಯನ್ನೂ ಅಡ್ಡಕ್ಕೆ, ಮೆಲ್ಲಗೆ,
ಮಗುವಿನ ಹಣೆಗೂದಲು ಸರಿಸುವಷ್ಟೇ ಮೆಲ್ಲಗೆ ಮೀಟಿದಳು.
ಒಂದು, ಎರಡು, ಮೂರು, ನಾಲ್ಕು.
ಐದನೆಯದು ತನ್ನ ಹನಿಯೊಳಗೇ ಅಲುಗಿತು.
ಮೇಲೆ ಮಿಂಚುವ ಸೀಸ, ಒಳಗೆ ತಂತಿಗೆ ಮಡಿ:
ಮುಟ್ಟಿದೆ, ಅಂಟಿಲ್ಲ.

ಅಂದರೆ ಇಷ್ಟು ಹೊತ್ತೂ
ನನ್ನ ಮುಳ್ಳೇ ಅದನ್ನು ಕೂಡಿಸುತ್ತಿತ್ತು.
ಹಿಂದೆ ಮೇಸ್ತ್ರಿ ನಿಂತಾಗ ಮಾತ್ರ ದುಡಿಯುವ ಆಳು.
ನಾನು ಕೇಳಿದಾಗಲೆಲ್ಲ ಹೌದು ಅಂದಿತು,
ಕೇಳಿದ್ದರಿಂದಲೇ ಹೌದು ಅಂದಿತು.
ತಣ್ಣನೆ ಬೆಸುಗೆ ಅನ್ನುತ್ತಾರೆ ಇದಕ್ಕೆ.
ಹೀಗೆ ಎಷ್ಟು ಕಡೆ ಊರಿದ್ದೇನೋ ಮುಳ್ಳು, ಎಷ್ಟು ಜನರ ಮೇಲೆ—
ಇರಲಿ. ಕಡ್ಡಿ ಕಾದಿದೆ.

ಹಳೆಯ ಹನಿ ಹೀರಿ ತೆಗೆದೆ.
ತಾಮ್ರದ ಚುಕ್ಕೆ ಕಿತ್ತು ಬರಲಿಲ್ಲ, ಪುಣ್ಯ.
ಹೊಸ ರಾಳ. ಮೊದಲು ಚುಕ್ಕೆ ಬಿಸಿಯಾಗಲಿ,
ತಂತಿಯೂ ಬಿಸಿಯಾಗಲಿ, ಆಮೇಲೆ ಸೀಸ;
ಎರಡೂ ಕಾಯದೆ ಕೂಡುವುದಿಲ್ಲ, ಗೊತ್ತಿದ್ದದ್ದೇ,
ಅವಸರದಲ್ಲಿ ಮರೆತದ್ದು.

"ಎಷ್ಟು ಎಳೆ ಒಟ್ಟು?" ಅಜ್ಜಿ ಕೇಳಿದಳು.
ಬೆರಳು ತೋರಿಸಿದೆ.
"ಏಳಾ?" ಅಂದಳು. "ಏಳಕ್ಕೆ ಇಷ್ಟು ರಾತ್ರಿಯಾ?"
ನೀರು ಕುಡಿದು ಮಲಗಲು ಹೋದಳು.

ನಾಲ್ಕೂವರೆ. ಎರಡು ಸಲ ಓದಿಸಿ ಹೋಲಿಸಿದೆ:
ಸೊನ್ನೆಗೆ ಸೊನ್ನೆ, ಒಂದಕ್ಕೆ ಒಂದು.
ನಂಬಿಕೆ ಬರಲಿಲ್ಲ. ಮೂರನೆಯದಕ್ಕೆ ಹಚ್ಚಿದೆ.
ಇನ್ನೂರ ತೊಂಬತ್ತು... ಮುನ್ನೂರು...
ಅಷ್ಟರಲ್ಲಿ ಮೊದಲ ಟ್ರ್ಯಾಮು ತಿರುವಿಗೆ ಬಂತು.
ಕಿಟಕಿ ಗಡಗಡ, ಲೋಟದಲ್ಲಿ ಉಳಿದ ನೀರು ನಡುಗಿತು,
ಮೇಜು ನಡುಗಿತು, ಏಳು ತಂತಿಯೂ.
ಕೈ ಮೀಟರಿನ ಕಡೆ ಹೋಯಿತು.
ಕೈಯನ್ನು ತೊಡೆಯ ಕೆಳಗೆ ಇಟ್ಟು ಕೂತೆ.
ಮುನ್ನೂರ ಹತ್ತು.