ಗುಂಡಿಗೆ ಬಿದ್ದವರು

ಮತ್ತೆ ಅಚ್ಚಾಗುತ್ತಿದೆಯಂತೆ ಕಣೋ, ಎಂದ ಇಮ್ತಿಯಾಜ್ ಫೋನಿನಲ್ಲಿ,
ಸತ್ತವರು ಯಾರೋ ಎದ್ದು ಬಂದ ದನಿಯಲ್ಲಿ.
ಮೂವತ್ತಮೂರು ವರ್ಷದ ಮೇಲೆ
ಅದೇ ನೆಲಮಾಳಿಗೆ, ಅದೇ ಎಲುಬಿನ ಪಡೆ,
ಕೊಡಲಿ ಹೊತ್ತ ಅದೇ ಕುಳ್ಳ.
ನಾನಾಗ ಯಾರದೋ ದವಡೆಹಲ್ಲಿಗೆ
ಪಿಂಗಾಣಿ ಬಳಿಯುತ್ತಿದ್ದೆ.
ಕುಂಚ ಜಾರಿತು.
ಆ ಹಲ್ಲನ್ನು ಮೊದಲಿಂದ ಮಾಡಬೇಕಾಯಿತು.

ಏಳು ತಿಂಗಳು ಕಾದೆವು.
ಹಡಗು ಹೊರಟಿತು, ಹಡಗು ನಿಂತಿತು,
ಅದು ಆಟಿಕೆಯೋ ಪುಸ್ತಕವೋ ತಿಳಿಯದೆ
ಚೆನ್ನೈ ಕಸ್ಟಮ್ಸಿನಲ್ಲಿ ಹದಿನೆಂಟು ದಿನ.
ಕಟ್ಟಿದ ಸುಂಕ ಎಷ್ಟೆಂದು
ಹೆಂಡತಿಗೆ ಇನ್ನೂ ಹೇಳಿಲ್ಲ.
ನಿದ್ದೆ ಬಾರದಾಗೆಲ್ಲ ಪಾರ್ಸೆಲ್ಲಿನ ನಂಬರು ಒತ್ತುತ್ತಿದ್ದೆ,
ಗ್ರಹಚಾರ ನೋಡಿಸುವವರ ಹಾಗೆ.

ಹಳೆಯ ಪೆಟ್ಟಿಗೆ ಡೋರತಿಯ ಮಾವನದು,
ಹಡಗಿನ ಕೆಲಸದಿಂದ ರಜೆಗೆ ಬಂದಾಗ ತಂದದ್ದು.
ಪಾಟರಿ ಟೌನಿನ ತಾರಸಿ, ನೀರಿನ ತೊಟ್ಟಿಯ ನೆರಳು,
ಕೆಳಗೆ ಕುಂಬಾರರ ಆವಿಗೆಯಿಂದ ಹೊಗೆ ಏರಿದರೆ
ನಮಗದು ರಾಕ್ಷಸನ ಉಸಿರು.
ಮೊದಲ ತಿಂಗಳೇ ಕುಳ್ಳ ಮೋರಿಗೆ ಬಿದ್ದ.
ಅವನ ಬದಲು ಒಂದು ಬದಿ ತೇಯ್ದ ಹುಣಸೆ ಬೀಜ.
ಬೀಜವೇ ಬಾಗಿಲು ಒಡೆಯಿತು,
ಬೀಜವೇ ಬೇತಾಳನನ್ನು ಕೊಂದಿತು.

ಇಂಗ್ಲಿಷು ಓದಲು ಬರುತ್ತಿದ್ದದ್ದು ಡೋರತಿಗೆ ಮಾತ್ರ.
ನಿಯಮದ ಪುಸ್ತಕ ಅವಳ ಮಡಿಲಲ್ಲೇ.
ಬೆರಳಿಟ್ಟು ಓದುವಳು, ತಡೆದು,
ಅರ್ಧ ಕನ್ನಡ ಅರ್ಧ ತಮಿಳಿನಲ್ಲಿ ನಮಗೆ ಹೇಳುವಳು:
ಗುಂಡಿಗೆ ಬಿದ್ದವರು ಒಂದು ನಿಜ ಹೇಳಬೇಕು.
ಹೇಳದಿದ್ದರೆ ಮೇಲೆ ಬರುವ ಹಾಗಿಲ್ಲ.

ಹಾಗೆ ಬಿದ್ದು ಬಿದ್ದೇ ತಿಳಿದದ್ದು,
ಚಂಗಲರಾಯ ಮಾರ್ಕ್ಸ್‌ಕಾರ್ಡಿಗೆ ತಾನೇ ಸಹಿ ಹಾಕಿದ್ದು,
ಇಮ್ತಿಯಾಜನ ಹಾಸಿಗೆ ರಾತ್ರಿ ಒದ್ದೆಯಾಗುವುದು.
ನಾನು ಮೂರು ಸರದಿ ಗುಂಡಿಯಲ್ಲೇ ಕೂತಿದ್ದೆ.
ಆಮೇಲೆ ಹೇಳಿದೆ: ನಮ್ಮಪ್ಪ ಬೊಂಬಾಯಿಯಲ್ಲಿಲ್ಲ,
ಶೇಷಾದ್ರಿ ರಸ್ತೆಯ ಜೈಲಿನಲ್ಲಿದ್ದಾನೆ.
ಯಾರೂ ನಗಲಿಲ್ಲ.
ಡೋರತಿ ದಾಳವನ್ನು ನನ್ನ ಕೈಗಿಟ್ಟು
ಈಗ ಮೇಲೆ ಬಾ, ಎಂದಳು.
ಅವಳು ಮಾತ್ರ ಒಮ್ಮೆಯೂ ಬೀಳಲಿಲ್ಲ.

ಪೆಟ್ಟಿಗೆ ಬಂದದ್ದು ಗುರುವಾರ,
ರುಬ್ಬುವ ಕಲ್ಲಿನಷ್ಟು ಭಾರ.
ಮುಚ್ಚಳ ಸಣ್ಣಗೆ ನಿಟ್ಟುಸಿರು ಬಿಟ್ಟು ತೆರೆಯಿತು.
ವಾಸನೆ ಬೇರೆ. ಹಳೆಯದು ಸೀಮೆಎಣ್ಣೆ ನಾರುತ್ತಿತ್ತು,
ಇದು ಹೊಸ ಚಪ್ಪಲಿಯ ಹಾಗೆ.
ಗೊಂಬೆಗಳು ಸೊಗಸು, ಒಪ್ಪಲೇಬೇಕು.
ಅಸ್ಥಿಪಂಜರದ ಹಲ್ಲು ಎಣಿಸಬಹುದು.
ಎಣಿಸಿದೆ. ಕೆಳಸಾಲಿನಲ್ಲಿ ಎರಡು ಹೆಚ್ಚು.
ಬಾಗಿಲುಗಳು ನಿಜವಾಗಿ ತಿರುಗುತ್ತವೆ.
ಕುಳ್ಳನೂ ಇದ್ದಾನೆ, ಗಡ್ಡ ಹೆಣೆದುಕೊಂಡು.
ಯಾಕೋ ಹುಣಸೆ ಬೀಜದ ಗತ್ತು ಇಲ್ಲ.

ನಿಯಮದ ಪುಸ್ತಕ ಅರವತ್ತನಾಲ್ಕು ಪುಟ.
ಈಗ ನನಗೂ ಇಂಗ್ಲಿಷು ಬರುತ್ತದೆ, ಕನ್ನಡಕ ಸಿಕ್ಕರೆ.
ಇಪ್ಪತ್ತಮೂರನೇ ಪುಟ, ಗುಂಡಿ:
ಬಿದ್ದವರ ಜೀವದಲ್ಲಿ ಒಂದು ಅಂಕ ಕಡಿತ,
ಮುಂದಿನ ಸರದಿಗೆ ಏರಿ ಬರಬಹುದು.
ಅಷ್ಟೇ.
ಹಿಂದೆ ತಿರುವಿದೆ, ಮುಂದೆ ತಿರುವಿದೆ, ರಟ್ಟಿನ ಒಳಬದಿಯನ್ನೂ ನೋಡಿದೆ.
ಹಳೆಯದರಿಂದ ಏನೇನು ಬದಲಾಗಿದೆ
ಎಂಬ ಪಟ್ಟಿಯೊಂದಿತ್ತು.
ಅದರಲ್ಲಿ ಗುಂಡಿಯ ಸುದ್ದಿಯೇ ಇಲ್ಲ.

ಭಾನುವಾರ ಲ್ಯಾಬಿನ ಶಟರು ಅರ್ಧ ಎಳೆದು ಕೂತೆವು.
ಸುತ್ತ ಪ್ಲಾಸ್ಟರಿನ ದವಡೆಗಳು ಬಾಯಿಬಿಟ್ಟು ನೋಡುತ್ತಿದ್ದವು.
ಚಂಗಲರಾಯ ಹೊಸೂರಿನಿಂದ ವಿಡಿಯೋದಲ್ಲಿ,
ಮೇಣದ ಡಬ್ಬಕ್ಕೆ ಒರಗಿ.
ಡೋರತಿ ತಡವಾಗಿ ಬಂದಳು, ಹೆಲ್ಮೆಟ್ಟಿನಡಿ ನರೆತ ಜಡೆ.
ಪುಸ್ತಕ ಅವಳ ಮಡಿಲಿಗಿಟ್ಟೆ.
ನಿಜ ಹೇಳುವ ನಿಯಮ ಎಷ್ಟನೇ ಪುಟ, ಎಂದೆ.
ಬೆರಳಿಟ್ಟು ಓದಿದಳು, ತುಟಿ ಅಲುಗಿಸುತ್ತ, ಅಂದಿನಂತೆಯೇ.
ಬಿಟ್ಟುಹೋಗಿದೆ, ಎಂದಳು. ಅಚ್ಚಿನವರ ತಪ್ಪು.

ಕೆಳಗೆಲ್ಲೋ, ಇನ್ನೂ ತೆರೆಯದ ಸುರಂಗದಲ್ಲಿ,
ಪರೀಕ್ಷೆಯ ಮೆಟ್ರೋ ಹಾದುಹೋಯಿತು.
ದವಡೆಗಳು ಕಟಕಟ ಅಂದವು.

ಅವಳು ದಾಳ ಎಸೆದಳು. ಮೂರು.
ಒಂದು ಮನೆ, ಎರಡು ಮನೆ ನಡೆಸಿ ಕೈ ತಡೆದಳು.
ಮೂರನೆಯದು ಗುಂಡಿ.
ಪಕ್ಕಕ್ಕೆ ತಿರುಗಬಹುದಿತ್ತು,
ಹನ್ನೊಂದನೇ ಪುಟದಲ್ಲಿ ಹಾಗೆ ಇದೆ.
ತಿರುಗಲಿಲ್ಲ.

ಇಮ್ತಿಯಾಜ್ ಎದ್ದು
ಶಟರನ್ನು ಪೂರ್ತಿ ಎಳೆದ.