ಗಟ್ಟಿ ಬಣ್ಣ

ನಾನು ಅದ್ದಿದ ಬಣ್ಣ ಬಿಡುವುದಿಲ್ಲ,
ಮೊಳಕಾಲ್ಮೂರಿಗೇ ಗೊತ್ತು.
ಮೂವತ್ತೆರಡು ವರ್ಷ ರೇಷ್ಮೆ ಲಡಿ ತಿರುವಿದ ಕೈ,
ಉಗುರಿನ ಸಂದಿ ಈಗಲೂ ಕೆಂಪು.
ಉಣ್ಣಲು ಕೂತರೆ ಮೊಮ್ಮಗ ಕೇಳುತ್ತಾನೆ:
ತಾತಾ, ಗಾಯವಾ?

ಹಿತ್ತಲ ಚರಂಡಿ ಹಳ್ಳಕ್ಕೆ, ಹಳ್ಳ ಕೆರೆಗೆ.
ಸೋಮವಾರ ಕುಂಕುಮ, ಬುಧವಾರ ನವಿಲುಗತ್ತು.
ಯಾರ ಮನೆಯ ಧಾರೆ ಸೀರೆಯೆಂದು
ನೀರು ನೋಡಿಯೇ ಹೇಳುತ್ತಿದ್ದೆವು.

ದಾವಣಗೆರೆ ಕಾಲೇಜಿನಿಂದ ಬಂದಳು ಪಾಲಾಕ್ಷಿ.
ಚಪ್ಪಲಿ ಕಳಚಿ ಹಳ್ಳಕ್ಕಿಳಿದು
ಕಪ್ಪು ಗೋಡು ತುಂಬಿಕೊಂಡು ಹೋದಳು.
ಹನ್ನೊಂದನೇ ದಿನ ಮತ್ತೆ ಬಂದು
ಜಗಲಿ ಮೇಲಿಟ್ಟಳು ಎರಡು ಸೀಸೆ:
ಒಂದರಲ್ಲಿ ನನ್ನ ಕೆಂಪು,
ಒಂದರಲ್ಲಿ ಬರೀ ನೀರು.

‘ಇದೂ ನಿಮ್ಮ ಕೆಂಪೇ.
ಗೋಡಿನ ಜೀವಾಣು ಬಿಚ್ಚಿ ಹಾಕಿವೆ.’

ಸೋಪು, ಬಿಸಿಲು, ಬೆವರು, ಬಾಣಂತಿ ಎಣ್ಣೆ
ಯಾವುದಕ್ಕೂ ಜಗ್ಗದ್ದನ್ನು
ಕಣ್ಣಿಗೇ ಕಾಣದ್ದು ಬಿಚ್ಚಿತೆ?
ಸಿಟ್ಟು ಬಂತು.
ಕೈಮುಗಿಯಬೇಕು ಅಂತಲೂ ಅನ್ನಿಸಿತು.
ತಿಳಿ ಸೀಸೆಗೆ ಕೈ ಚಾಚಿದೆ.

ತಡೆದಳು.
‘ಅಜ್ಜಾ, ಅದೇ ಹೆಚ್ಚು ಕೆಟ್ಟದ್ದು.
ಬಣ್ಣ ಮುರಿದಿದೆ ಅಷ್ಟೆ, ಚೂರು ಒಳಗೇ ಇವೆ.
ಚೂರು ತಿನ್ನುವವು ಬೇರೆ, ಅವಕ್ಕೆ ಗಾಳಿ ಬೇಕು.
ನಿಮ್ಮ ಹಳ್ಳದ ನೀರಲ್ಲಿ ಗಾಳಿ ಎಲ್ಲಿದೆ?’

ಸಂಜೆ, ಕೆರೆ ಕೆಳಗಿನ ಬಾವಿಯಲ್ಲಿ
ಸೊಸೆ ಕೊಡ ಇಳಿಬಿಟ್ಟಳು.
ನೀರು ಕನ್ನಡಿ ಹಾಗೆ.
ನಾನು ಬಗ್ಗಿ
ಒಂದೆಳೆ ಕೆಂಪಾದರೂ ಇದೆಯೇ ಎಂದು
ಹುಡುಕುತ್ತಾ ನಿಂತೆ.