ಅಸಿಂಧು

ಹಾಸನದ ಡಿ.ಸಿ. ಕಚೇರಿ, ರೆಕಾರ್ಡು ರೂಮು.
ನನ್ನ ನಿವೃತ್ತಿಗೆ ಇನ್ನು ನಲವತ್ತು ದಿನ.
ಸಾಹೇಬರ ಬಾಯಿಮಾತಿನ ಆದೇಶ:
ಹಳೇ ಕಡತ ನೋಡಿ, ಬೇಡದ್ದು ಸುಡಲು ಕಟ್ಟಿಡಿ.
ಕೆಂಪು ಬಟ್ಟೆಯ ಗಂಟು ಬಿಚ್ಚಿದೆ. ಎರಡು ಸೀನು,
ಓಡಿಹೋದ ಒಂದು ಬೆಳ್ಳಿಹುಳ,
ಒಳಗೆ ಪ್ರಭವ ಸಂವತ್ಸರದ ಚುನಾವಣೆ:
ಪ್ರಜಾಪ್ರತಿನಿಧಿ ಸಭೆಗೆ, ಅರಸೀಕೆರೆ ತಾಲ್ಲೂಕಿನಿಂದ.

ಊರಿಗೆ ಊರೇ ಹೊರಗೆ ನಿಂತ ಚುನಾವಣೆ ಅದು.
ಕಂದಾಯದ ರಸೀತಿ ದಪ್ಪಗಿದ್ದವರಿಗಷ್ಟೇ ಓಟು.
ಟಾಕಿನ ಲೇಖನಿಯಲ್ಲಿ ನಾನೂರ ಹನ್ನೆರಡು ಹೆಸರು,
ಹೆಂಗಸರು ಏಳೇ ಏಳು.
ನಮ್ಮಜ್ಜನ ಹೆಸರು ಹುಡುಕಿದೆ, ಸುಮ್ಮನೆ.
ಅವನು ಆ ದಿನ ಯಾರದೋ ಗಾಡಿಯ ಎತ್ತು ಹಿಡಿದು
ಸ್ಕೂಲಿನ ಹೊರಗೆ, ಹುಣಸೆ ಮರದಡಿ ನಿಂತಿದ್ದಿರಬೇಕು.

ನಿಂತವರು ಇಬ್ಬರು:
ಕೊಬ್ಬರಿ ಮಂಡಿಯ ಗುರುಶಾಂತಪ್ಪನವರು,
ವಕೀಲ ಸಂಪತಯ್ಯಂಗಾರ್ಯರು.
ಒಬ್ಬರು ಗಾಡಿ ಕಳಿಸಿದರು, ಇನ್ನೊಬ್ಬರು ಚಿರೋಟಿ ಹಾಕಿಸಿದರು
ಅಂತ ದೂರು, ಪ್ರತಿದೂರು, ಮೇಲುದೂರು.
ಅಮಲ್ದಾರರ ಷರಾ:
‘ಚಿರೋಟಿ ತಿಂದವರಾರೂ ಸಾಕ್ಷಿ ಹೇಳಲು ಒಪ್ಪಲಿಲ್ಲ.’

ಮಂಡಿಗೆ ಇನ್ನೂರ ಮೂರು. ವಕೀಲರಿಗೆ ನೂರ ಎಂಬತ್ತೊಂಬತ್ತು.
ಅಸಿಂಧು, ಮೂರು.

ಮೂರರಲ್ಲಿ ಎರಡು, ಇಬ್ಬರಿಗೂ ಗೀಟು ಎಳೆದದ್ದು.
ಎರಡೂ ಮನೆಯಲ್ಲಿ ಉಂಡವರಿರಬೇಕು, ಋಣ ಇಟ್ಟುಕೊಳ್ಳದವರು.
ಮೂರನೆಯದು
ತುಕ್ಕು ಹಿಡಿದ ಗುಂಡುಪಿನ್ನಿನಲ್ಲಿ ವರದಿಗೆ ಚುಚ್ಚಿಕೊಂಡು
ಇನ್ನೂ ಇಲ್ಲೇ ಇದೆ.
ಹೆಸರುಗಳನ್ನು ಮುಟ್ಟಿಲ್ಲ. ಕೆಳಗೆ, ಖಾಲಿ ಜಾಗದಲ್ಲಿ:

‘ಕಣಕಟ್ಟೆ ದಾರಿ ಸಣ್ಣಕೆರೆ ತುಬು ಕಿತ್ತು ಮೂರು ವರುಷ
ಯಾರು ಗೆದ್ದರೂ ಸರಿ ಮೊದಲು ತುಬು’

ಬದಿಯಲ್ಲಿ ಅಧಿಕಾರಿಯ ಕೆಂಪು ಮಸಿ:
‘ಮತದಾರರ ಇಚ್ಛೆ ಸ್ಪಷ್ಟವಾಗಿರುವುದಿಲ್ಲ.’

ಮೂವತ್ತಾರು ವರ್ಷ ಷರಾ ಓದಿದ್ದೇನೆ,
ನಾನೇ ಬರೆದದ್ದೂ ಉಂಟು, ಇಂಥವೇ.
ನಕ್ಕೆ. ನಗು ಗಂಟಲಲ್ಲಿ
ಎಲ್ಲೋ ಒಂದು ಕಡೆ ಸಿಕ್ಕಿಕೊಂಡಿತು.

ಆ ಕೆರೆಯ ಕೆಳಗೆ ಗದ್ದೆಯಿದ್ದ ಮತದಾರರು ಐದು ಮಂದಿ.
ನಾಲ್ವರು ಗಂಡಸರು. ಐದನೆಯ ಸಾಲು:
‘ನಂ. ೩೦೭, ಪುಟ್ಟೀರಮ್ಮ ಕೋಂ ಲೇಟ್ ಮರಿಬಸಪ್ಪ.’
ಅವಳೇ ಬರೆದಳು ಅನ್ನಲು ಪುರಾವೆಯಿಲ್ಲ.
ಆದರೂ ಆ ‘ಮೊದಲು’,
ಒಲೆಯ ಮುಂದಿನಿಂದ ಏಳದೆಯೇ
ಬಾಗಿಲಲ್ಲಿ ಬಂದು ನಿಂತವನಿಗೆ ಹೇಳಿದ ಹಾಗಿದೆ:
ಮೊದಲು ಕಾಲು ತೊಳಿ, ಆಮೇಲೆ ಮಾತು.

ಊಟದ ಡಬ್ಬಿ ಬಿಚ್ಚಲಿಲ್ಲ. ಏಣಿ ಹಾಕಿ
ಮರಾಮತ್ತು ಇಲಾಖೆಯ ಗಂಟುಗಳನ್ನು ಇಳಿಸಿದೆ.
ಸೇತುವೆ, ಛತ್ರ, ಮುಸಾಫಿರ್ ಖಾನೆಯ ಹೆಂಚು,
ಯಾರೋ ದೊರೆ ಬರುವನೆಂದು ಸುಣ್ಣ ಬಳಿದ ಮೈಲಿಗಲ್ಲುಗಳ ಲೆಕ್ಕ.
ನಾಲ್ಕು ಗಂಟೆಯ ಹೊತ್ತಿಗೆ ಸಿಕ್ಕಿತು:
ಚುನಾವಣೆ ಕಳೆದು ಐದು ವರ್ಷಕ್ಕೆ ಒಂದು ಅಂದಾಜು ಪಟ್ಟಿ.
ಗಾರೆ, ಬೆಲ್ಲ, ಕಲ್ಲುಕುಟಿಗರು ಇಬ್ಬರು,
ತೂಬಿನ ಕಲ್ಲು ಒಂದು, ಎಳೆಯಲು ಎತ್ತು ನಾಲ್ಕು ಜೊತೆ,
ಒಟ್ಟು ಎಂಬತ್ತೇಳು ರೂಪಾಯಿ ಆರಾಣೆ. ಮಂಜೂರು.
ಜೊತೆಗೆ ಗ್ರಾಮಸ್ಥರ ಅರ್ಜಿ, ಹದಿನೆಂಟು ಹೆಬ್ಬೆಟ್ಟು,
ಬರೆದವರ ಹೆಸರಿಲ್ಲ.
ಅಲ್ಲೂ ತೂಬಿಗೆ ದೀರ್ಘವಿಲ್ಲ.

ಐದು ವರ್ಷ, ಮೊದಲೇ ಹೋದ ಮೂರು.
ಎಂಟು ವರ್ಷ ಗದ್ದೆಗೆ ಏನು ಮಾಡಿದಳೋ
ಯಾವ ಕಡತದಲ್ಲೂ ಇಲ್ಲ.

ಚೀಟಿಯನ್ನು ಅರ್ಜಿಯ ಜೊತೆ ಸೇರಿಸಿ ಹೊಲಿದೆ.
‘ಶಾಶ್ವತವಾಗಿ ಇಡತಕ್ಕದ್ದು’ ಎಂದು ಬರೆದೆ.
ಕಾರಣದ ಕಾಲಮ್ಮಿಗೆ ಏನೂ ತೋಚದೆ
ಸಣ್ಣಕೆರೆಯ ಸರ್ವೆ ನಂಬರು ಹಾಕಿದೆ.

ಅಟೆಂಡರ್ ಜವರಪ್ಪ ಬಂದು ಕೇಳಿದ:
‘ಇದಾ ಸಾರ್ ಸುಡೋದು?’
‘ಅದಲ್ಲಯ್ಯ, ಪಕ್ಕದ್ದು.’
ಪಕ್ಕದಲ್ಲಿ, ಗೆದ್ದವರಿಗೆ ಮೈಸೂರಿನಿಂದ ಬಂದ
ದಸರಾ ಅಧಿವೇಶನದ ಆಹ್ವಾನಪತ್ರಿಕೆಗಳಿದ್ದವು,
ಚಿನ್ನದ ಅಂಚು ಇನ್ನೂ ಮಾಸದೆ.